ಖುಷ್ಬೂ ಎಣಿಸಿದ ಹಗೇವುಗಳು

ನನ್ನನ್ನು ಒಂದು ಮಾತು ಕೇಳದೆ ನನ್ನ ಹೆಸರನ್ನು ಕಂಪ್ಯೂಟರಿನಲ್ಲಿ ಬರೆದಳು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮುಂದೆ ಏನಾಯಿತೆಂದು ಗೊತ್ತಾದ ಮೇಲೆ ನೀವು, ಇವನಿಗೆ ಸಿಟ್ಟು ಮಾಡಿಕೊಳ್ಳುವ ಅಧಿಕಾರ ಎಲ್ಲಿದೆ ಎಂದು ಕೇಳಬಹುದು. ಕೇಳಿ. ಅಧಿಕಾರ ಇಲ್ಲ, ಸಿಟ್ಟು ಇದೆ. ಎರಡೂ ಬೇರೆ ಬೇರೆ.

ಆಕೆ ಖುಷ್ಬೂ. ಗುಡಗೇರಿಯ ಇಮಾಮಹುಸೇನನ ಮಗಳು. ಇಮಾಮಹುಸೇನ ಕಬ್ಬಿಣದ ಸರಳು ಬಗ್ಗಿಸಿ ಕಂಬಕ್ಕೆ, ತೊಲೆಗೆ ಪಂಜರ ಕಟ್ಟುವವನು. ನಾನು ಗೌಂಡಿ. ಅವನು ಕಟ್ಟಿದ ಪಂಜರದೊಳಗೆ ನಾನು ಕಾಂಕ್ರೀಟು ಸುರಿದದ್ದು ಇಪ್ಪತ್ತೆರಡು ವರ್ಷ. ಆ ಇಪ್ಪತ್ತೆರಡು ವರ್ಷದಲ್ಲಿ ನಾವಿಬ್ಬರೂ ಜಗಳವಾಡಿದ್ದು ದಿನಾ, ಮಾತು ಬಿಟ್ಟದ್ದು ಒಮ್ಮೆಯೂ ಇಲ್ಲ. ನನ್ನ ಬಾಯಿ ಕೆಟ್ಟದ್ದು ಎಂದು ಕುಂದಗೋಳ ತಾಲೂಕಿನ ಕಲ್ಲು, ಜಲ್ಲಿ ಮಾರುವವರಿಗೆಲ್ಲ ಗೊತ್ತು. ನಾಲ್ಕನೇ ಇಯತ್ತೆಯಲ್ಲಿ ಮಾಸ್ತರರ ಕೋಲು ಕಸಿದುಕೊಂಡು ಮುರಿದವನು ಮತ್ತೆ ಸಾಲಿಯ ಕಡೆ ಹೋಗಲಿಲ್ಲ. ಬರೆಯಲು ಬರುತ್ತದೆ, ಓದಲು ಬರುತ್ತದೆ, ಅಳತೆ ತಪ್ಪುವುದಿಲ್ಲ. ಅಷ್ಟು ಸಾಕು ಎಂದುಕೊಂಡಿದ್ದೆ.

ಖುಷ್ಬೂ ಸಣ್ಣವಳಿದ್ದಾಗ ಸಾಲಿ ಬಿಟ್ಟೊಡನೆ ಕೆಲಸದ ಜಾಗಕ್ಕೆ ಬಂದು ಅಪ್ಪನ ಬಾಜೂ ಕೂರುತ್ತಿದ್ದಳು. ಕಂಬದ ಸರಳುಗಳ ಸುತ್ತ ಹಾಕುವ ಚೌಕದ ರಿಂಗುಗಳನ್ನು ಬೆರಳು ಮಡಚಿ ಎಣಿಸುವುದೇ ಆಕೆಗೆ ಆಟ. ಒಂಬತ್ತು ವರ್ಷದವಳು ಒಂದು ದಿನ ಎಣಿಸಿ, "ಅಬ್ಬಾ, ಆ ಕಂಬಕ್ಕ ಇಪ್ಪತ್ತ್ನಾಕ ರಿಂಗ್ ಅದಾವು, ಈ ಕಂಬಕ್ಕ ಇಪ್ಪತ್ತೆರಡ. ಯಾಕ?" ಎಂದು ಅಪ್ಪನನ್ನು ಕೇಳಿದಳು. ಇಮಾಮಹುಸೇನ ಬೀಡಿ ಕೆಳಗೆ ಹಾಕಿ ಎಣಿಸಿದ. ಎರಡು ಕಮ್ಮಿ ಇದ್ದದ್ದು ನಿಜ. ನಾನು ಅವನನ್ನು ಬೈಯುವ ಅವಕಾಶ ಬಿಡಲಿಲ್ಲ. ಆದರೆ ಆ ದಿನ ನೋಡಿದ್ದು ನೆನಪಿದೆ. ಹುಡುಗಿ ಗೆದ್ದವಳ ಹಾಗೆ ನಗಲಿಲ್ಲ. ಅಪ್ಪ ಎರಡು ರಿಂಗು ಹಾಕಿ ಮುಗಿಸುವವರೆಗೆ ನಿಂತು ನೋಡಿ, ಮತ್ತೊಮ್ಮೆ ಎಣಿಸಿ ಹೋದಳು.

ಮುಂದೆ ರೈಲಿನಲ್ಲಿ ಹುಬ್ಬಳ್ಳಿಗೆ ಓಡಾಡಿ ಸಿವಿಲ್ ಡಿಪ್ಲೊಮಾ ಮಾಡಿದಳು. ಅದಾದ ಮೇಲೆ ಇನ್ನೊಂದು ಕಲಿತಳು. ಅದನ್ನು ಮಾಡೆಲ್ ಎನ್ನುತ್ತಾರೆ. ನಮ್ಮ ಕಾಲದ ನಕ್ಷೆಯೆಂದರೆ ಕಾಗದದ ಮೇಲೆ ಗೆರೆ. ಇದು ಗೆರೆಯಲ್ಲ. ಒಂದು ಗುದ್ದಲಿ ಏಟು ಬೀಳುವ ಮೊದಲೇ ಇಡೀ ಕಟ್ಟಡವನ್ನು ಕಂಪ್ಯೂಟರಿನೊಳಗೆ ಕಟ್ಟಿ ನಿಲ್ಲಿಸುತ್ತಾರೆ. ಕಂಬದ ಮೇಲೆ ಬೆರಳಿಟ್ಟರೆ ಅದರೊಳಗೆ ಎಷ್ಟು ಸರಳು, ಎಷ್ಟು ರಿಂಗು, ಯಾವತ್ತು ಸುರಿಯಬೇಕು, ಕೆಳಗಿನ ಮಣ್ಣು ಯಾವುದು, ಎಲ್ಲಾ ಬರುತ್ತದೆ. ನೀರಿನ ಪೈಪು, ಕರೆಂಟಿನ ತಂತಿ, ಕಿಟಕಿಯ ಚಿಲಕ ಕೂಡ. ಮಗಳು ಇದನ್ನು ಮಾಡುತ್ತಾಳೆಂದು ಇಮಾಮಹುಸೇನ ಹೇಳಿದಾಗ ನಾನು, "ಕಂಪ್ಯೂಟರ್‌ನ್ಯಾಗ ಸಿಮಿಟ್ ಬೇಕಾಗೂದಿಲ್ಲಲ್ಲೋ, ಭಾಳ ಸಸ್ತಾ ಆತು" ಎಂದಿದ್ದೆ.

ನಾಲ್ಕು ವರ್ಷದ ಹಿಂದೆ ನಮ್ಮೂರಿಗೆ ಹೈಸ್ಕೂಲಿನ ಹೊಸ ಕಟ್ಟಡ ಬಂತು. ಊರಿನ ಹೆಸರು ಬರೆಯುವುದಿಲ್ಲ. ಕೆಳಗೆ ನಾಲ್ಕು ಕೋಣೆ, ಮೇಲೆ ನಾಲ್ಕು, ಬಾಜೂಗೆ ಅಡುಗೆಮನೆ. ಕೆಲಸ ಹಿಡಿದವನು ಗುತ್ತಿಗೆದಾರ ಗೌರೀಶ. ಮಾಡೆಲ್ ಕೊಟ್ಟರೇ ಕೆಲಸ ಎಂದು ಈ ಸಲ ಮೇಲಿನವರು ಹೇಳಿದ್ದರಂತೆ. ಗೌರೀಶ ಖುಷ್ಬೂಳನ್ನು ಕರೆಸಿ, ನನ್ನೆದುರಿಗೇ ಹೇಳಿದ.

"ನೋಡವಾ, ಈ ಒಂದ್ ಕಟ್ಟಡಕ್ಕಷ್ಟ ತೊಗೊಂಡೇನಿ. ಇದು ಒಂದೂ ತಂಟೆ ಇಲ್ದ ಎದ್ದ ನಿಂತ್ರ ಹುಬ್ಬಳ್ಳಿ ಆಫೀಸಿನಾಗ ಕಾಯಂ. ನಿಂತಿಲ್ಲಂದ್ರ ನೀ ಯಾರೋ, ನಾ ಯಾರೋ."

"ಹೂಂನ್ರಿ ಸರ್" ಎಂದಳು.

ಆಕೆಯ ತಾಯಿ ಜಮಾಲಬಿ ಆ ವಾರ ನನ್ನನ್ನು ಮನೆಗೆ ಕರೆದು ಚಹಾ ಕೊಟ್ಟು, "ಭಾಯಿ, ನನ್ನ ಮಗಳಿಗೆ ಬಾಯಿ ಕಮ್ಮಿ, ನಿಮಗ ಜಾಸ್ತಿ. ಇಬ್ರದೂ ಕೂಡ್ಸಿ ಸರಿ ಮಾಡ್ಕೋರಿ. ಈ ನೌಕರಿ ಆಕಿಗೆ ಬೇಕ" ಎಂದಳು. ಇಮಾಮಹುಸೇನನ ನಡು ಹಿಡಿದುಕೊಂಡು ಆಗಲೇ ಎರಡು ವರ್ಷವಾಗಿತ್ತು. ಅವನು ಬಗ್ಗಿದರೆ ಏಳುವುದಕ್ಕೆ ಗೋಡೆ ಬೇಕಿತ್ತು. ನಾನು, "ನಾ ಇದ್ದೇನಿ, ಯಾಕ ಕಾಳಜಿ ಮಾಡ್ತಿ" ಎಂದು ಹೇಳಿ ಬಂದೆ.

ಮೊದಲ ವಾರವೇ ಜಗಳವಾಯಿತು. ಇನ್ನೂ ಸುಣ್ಣದ ಗೆರೆ ಹಾಕುತ್ತಿದ್ದೆವು. ಖುಷ್ಬೂ ಬಂದು, ಮೆಟ್ಟಿಲಿನ ಮೇಲಿನ ತೊಲೆ ತಪ್ಪು ಜಾಗದಲ್ಲಿದೆ, ನಕ್ಷೆ ತಿದ್ದಬೇಕು ಎಂದಳು.

"ಪಾಯಾನ ಅಗದಿಲ್ಲ, ಇಕಿ ಆಗಲೇ ಮಾಳಗಿ ಹತ್ತಾಕ ಹತ್ತ್ಯಾಳ" ಎಂದೆ. ಕೆಲಸದವರು ನಕ್ಕರು.

ಆಕೆ ಕೈಯಲ್ಲಿದ್ದ ಹಲಗೆಯಂಥ ಟ್ಯಾಬನ್ನು ನನ್ನ ಮುಂದೆ ಹಿಡಿದಳು. ಅದರೊಳಗೆ ನಮ್ಮ ಸಾಲಿ ನಿಂತಿತ್ತು. ಬೂದು ಬಣ್ಣದ ಒಬ್ಬ ಮನುಷ್ಯ, ಮುಖವಿಲ್ಲದವನು, ಮೆಟ್ಟಿಲು ಏರತೊಡಗಿದ. ಒಂದು, ಎರಡು, ಮೂರು... ಒಂಬತ್ತನೇ ಮೆಟ್ಟಿಲಿಗೆ ಅವನ ತಲೆ ತೊಲೆಯೊಳಗೆ ಹೊಕ್ಕಿತು. ಬುಟ್ಟಿ ಹೊರುವ ಅನ್ನವ್ವ ಹಿಂದಿನಿಂದ ಇಣುಕಿ ನೋಡಿ ಬಾಯಿಗೆ ಸೆರಗು ಹಚ್ಚಿದಳು.

"ಯವ್ವಾ! ತಲೀನ ಹೋತಲ್ಲ ಅವಂದು!"

"ಅದು ಬರೇ ಚಿತ್ರ ಅನ್ನವ್ವಾ" ಎಂದಳು ಖುಷ್ಬೂ.

"ಚಿತ್ರ ಆದ್ರೂ ಪಾಪ ಅಲ್ಲೇನ? ನನ್ನೂ ಒಮ್ಮಿ ಹತ್ತಸು ಅದರಾಗ. ನಾ ಗಿಡ್ಡ ಅದೇನಿ, ಪಾರಾಗ್ತೇನಿ."

ನಕ್ಷೆ ತಿದ್ದಿ ಬಂತು. ನನ್ನ ಮೂವತ್ತು ವರ್ಷದಲ್ಲಿ ಇಂಥ ತಪ್ಪನ್ನು ಕಟ್ಟಿ, ಒಡೆದು, ಮತ್ತೆ ಕಟ್ಟಿದ್ದು ಐದಾರು ಸಲ. ಇಲ್ಲಿ ಒಂದು ಇಟ್ಟಂಗಿ ಕೂಡ ಹಾಳಾಗಲಿಲ್ಲ. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಅಂದಿನಿಂದ ಆಕೆ ಬಂದರೆ ಕೂರಲು ಖಾಲಿ ಚೀಲ ಜಾಡಿಸಿ ಹಾಕುತ್ತಿದ್ದೆ. ನನ್ನ ಮಟ್ಟಿಗೆ ಅದು ದೊಡ್ಡದು.

ಈಗ ಹಗೇವಿನ ಮಾತು. ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಹಿಂದೆ ಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಸಣ್ಣ ಕೋಣೆಯಷ್ಟು. ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಬಡಿದರೆ ಅಲ್ಲೊಂದು ಹಗೇವು ಇದೆಯೆಂದು ಮೇಲೆ ಹಾದು ಹೋಗುವವನಿಗೂ ತಿಳಿಯದು. ತಿಳಿಯಬಾರದು ಎಂದೇ ಹಾಗೆ. ಯಾರ ಹಗೇವು ಎಲ್ಲಿದೆ ಎನ್ನುವುದು ಆ ಮನೆಯವರಿಗೆ ಮಾತ್ರ ಗೊತ್ತು. ಬಾಜೂ ಮನೆಯವರಿಗೆ ಗೊತ್ತಿದ್ದರೂ ಹೇಳುವುದಿಲ್ಲ. ಹೊಸ್ತಿಲಿನಿಂದ ಇಷ್ಟು ಮಾರು, ಬೇವಿನ ಗಿಡದಿಂದ ಇಷ್ಟು ಮೊಳ ಎಂದು ಅಪ್ಪ ಮಗನಿಗೆ ಕಿವಿಯಲ್ಲಿ ಹೇಳಿ ಹೋಗುತ್ತಿದ್ದ. ಮುಚ್ಚಿಟ್ಟ ಹಗೇವಿನೊಳಗೆ ಗಾಳಿ ಕೆಡುತ್ತದೆ. ಬಾಯಿ ತೆರೆದು ಅರ್ಧ ದಿನ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಳಿಯಬಾರದು.

ಸಾಲಿ ಏಳುತ್ತಿದ್ದದ್ದು ನಮ್ಮ ಹಳೇ ಓಣಿಯ ಜಾಗದಲ್ಲಿ. ಮನೆಗಳು ಬಿದ್ದು, ನಾವೆಲ್ಲ ಊರ ಹೊರಗಿನ ಪ್ಲಾಟಿಗೆ ಹೋಗಿ, ಜಾಗವನ್ನು ಸಾಲಿಗೆ ಬಿಟ್ಟುಕೊಟ್ಟಿದ್ದೆವು. ಮಣ್ಣು ಪರೀಕ್ಷೆ ಮಾಡುವವರು ಮೂರು ಕಡೆ ಕೊರೆದು, ಕೆಳಗಿನ ಗರಸು ಮಣ್ಣು ಗಟ್ಟಿಯಾಗಿದೆ ಎಂದು ಬರೆದುಕೊಟ್ಟು ಹೋಗಿದ್ದರು. ಮೂರು ತೂತಿಗೂ ಒಂದೂ ಹಗೇವು ಸಿಕ್ಕಿರಲಿಲ್ಲ. ಖುಷ್ಬೂ ಆ ಕಾಗದ ನೋಡಿ ಸುಮ್ಮನಾಗಲಿಲ್ಲ. ಓಣಿಯ ಹಳೇ ಮಂದಿಯ ಮನೆಗಳಿಗೆ ಒಂದೊಂದಾಗಿ ಹೋದಳು. ಟ್ಯಾಬನ್ನು ಚೀಲದೊಳಗೇ ಇಟ್ಟು, ಕೊಟ್ಟ ಚಹಾ ಕುಡಿದು, ಕಾಳು ಹಸನು ಮಾಡಲು ಕೈ ಹಚ್ಚಿ, ಎರಡನೇ ಸಲ ಹೋದಾಗ ಮೆಲ್ಲಗೆ ಕೇಳುತ್ತಿದ್ದಳು. ಆಮೇಲೆ ಅವರನ್ನೇ ಕರೆತಂದು, ಉಳಿದಿದ್ದ ಹೊಸ್ತಿಲ ಕಲ್ಲಿನಿಂದ ಮಾರು ಹಾಕಿಸಿ, ಅದನ್ನು ಅಳೆದು ಮಾಡೆಲ್ಲಿನಲ್ಲಿ ಕೆಂಪು ಬಣ್ಣದ ಗಡಿಗೆಗಳಂತೆ ಇಟ್ಟಳು. ನೆಲದ ಕೆಳಗೆ ಸಾಲಾಗಿ ನಾಲ್ಕು ಕೆಂಪು ಗಡಿಗೆ. ನಾಲ್ಕನ್ನೂ ಅಗೆಸಿ, ತೆರೆಸಿ, ಕಲ್ಲು ಮತ್ತು ಸಿಮೆಂಟು ಕಮ್ಮಿ ಹಾಕಿದ ಬಡ ಕಾಂಕ್ರೀಟು ತುಂಬಿಸಿದಳು. ಒಂದಂತೂ ನಿಖರವಾಗಿ ಎಂಟನೇ ಕಂಬದ ಕೆಳಗೇ ಇತ್ತು. ಗೌರೀಶ ತಲೆಯ ಮೇಲೆ ಕೈ ಇಟ್ಟುಕೊಂಡು, "ನನ್ನ ಉಳಿಸಿದಿ ನೋಡವಾ" ಎಂದ.

ಐದನೆಯದು ನಮ್ಮದು.

ನಮ್ಮ ಬಾಜೂ ಮನೆಯ ದೇವಕ್ಕನನ್ನು ಕೇಳಿದಳಂತೆ. ದೇವಕ್ಕನಿಗೆ ಎಂಬತ್ತು ದಾಟಿತ್ತು, ಕಣ್ಣು ಮಂದ, ನೆನಪು ಗಟ್ಟಿ. "ಅವರ ಹಗೇವು ಅವರನ್ನ ಕೇಳು. ಹೇಳೂದು ನಂದಲ್ಲ" ಎಂದು ಕಳಿಸಿದಳು. ಖುಷ್ಬೂ ನನ್ನ ಬಳಿ ಬಂದಳು. ನಾನು ಹನ್ನೊಂದನೇ ಕಂಬದ ಗುಂಡಿಯ ತಳ ಸಮ ಮಾಡಿಸುತ್ತಿದ್ದೆ. ನಮ್ಮ ಹಗೇವು ಆ ಗುಂಡಿಯ ಗೋಡೆಯಿಂದ ಎರಡು ಮೊಳ ಆಚೆ ಇತ್ತು. ನನಗೆ ಗೊತ್ತಿತ್ತು.

"ಕಾಕಾ, ನಿಮ್ದು ಎಲ್ಲಿ ಬರ್ತೇತ್ರಿ?"

"ಅಕಾ ಅಲ್ಲಿ" ಎಂದು ಕೈ ತೋರಿದೆ. "ತುಂಬಿಸ್ಯಾರ ಅದನ್ನ. ನಾ ಸಣ್ಣವ ಇದ್ದಾಗನ ತುಂಬಿಸ್ಯಾರ. ಅಗದಿ ಗಟ್ಟಿ ಐತಿ."

ಸುಳ್ಳು. ಅದನ್ನು ಯಾರೂ ತುಂಬಿಸಿರಲಿಲ್ಲ. ನಾನು ಏಳು ವರ್ಷದವನಿದ್ದಾಗ ನಮ್ಮಪ್ಪ ಅದನ್ನು ತೆರೆದು, ಅವಸರದಲ್ಲಿ ಕಂದೀಲು ಇಳಿಸದೆ, ತನ್ನ ತಮ್ಮನಿಗೆ, "ಏನೂ ಆಗೂದಿಲ್ಲ, ಇಳಿ" ಎಂದ. ಸಣ್ಣ ಕಾಕಾ ಹತ್ತೊಂಬತ್ತರವನು. ಇಳಿದವನು ಮತ್ತೆ ಮಾತಾಡಲಿಲ್ಲ. ಕೊಕ್ಕೆ ಹಾಕಿ ಮೇಲೆತ್ತಿದರು. ಊರಿಗೆ ಎದೆನೋವು ಎಂದು ಹೇಳಿದರು. ಅಜ್ಜಿ ಬಾಯಿಗೆ ಕಲ್ಲು ಮುಚ್ಚಿಸಿ, ಇನ್ನು ಇದನ್ನು ತೆರೆದರೆ ನನ್ನ ಹೆಣದ ಮೇಲೆ ಎಂದಳು. ಜೋಳವೂ ಒಳಗೇ ಉಳಿಯಿತು. ಅಪ್ಪ ಸಾಯುವವರೆಗೂ ಆ ಕಡೆ ಕಾಲಿಡಲಿಲ್ಲ. ಯಾರಾದರೂ ಕೇಳಿದರೆ ಮನೆಯವರೆಲ್ಲ ಒಂದೇ ಮಾತು: ತುಂಬಿಸಿದೆ. ಹೇಳೀ ಹೇಳೀ ನನಗೂ ಅದು ನಿಜದ ಹಾಗೆ ಆಗಿತ್ತು ಎಂದು ಬರೆಯಬೇಕೆಂದಿದ್ದೆ. ಬೇಡ. ಹಾಗಾಗಿರಲಿಲ್ಲ. ಅದನ್ನು ತೆರೆದರೆ ಊರು ಸೇರುತ್ತದೆ, ಊರು ಸೇರಿದರೆ ದೇವಕ್ಕನಂಥವರ ಬಾಯಿ ತೆರೆಯುತ್ತದೆ, ನಮ್ಮಪ್ಪ ತನ್ನ ತಮ್ಮನನ್ನು ಕೊಂದ ಎಂಬುದು ನನ್ನ ಮಕ್ಕಳ ಕಿವಿಗೆ ಬೀಳುತ್ತದೆ ಎಂಬ ಹೆದರಿಕೆ. ಅದಕ್ಕೇ ಹೇಳಿದೆ.

ಖುಷ್ಬೂ ಸ್ವಲ್ಪ ಹೊತ್ತು ಆ ಜಾಗ ನೋಡಿದಳು.

"ಒಮ್ಮಿ ಅಗದ ನೋಡೂಣೇನ್ರಿ ಕಾಕಾ? ಒಂದ್ ತಾಸಿನ ಕೆಲಸ."

"ಯಾಕ? ನನ್ನ ಮಾತಿನ ಮ್ಯಾಲ ಭರೋಸಾ ಇಲ್ಲೇನ ನಿನಗ? ನಿಮ್ಮಪ್ಪನ ಕೂಡ ಒಂದ ಗಂಗಾಳದಾಗ ಉಂಡೇನಿ ನಾ. ನಿನ್ನಿ ಹುಟ್ಟಿದಾಕಿ ನನ್ನ ಪರೀಕ್ಷಾ ಮಾಡ್ತಿ?"

"ಹಂಗಲ್ರಿ."

"ಹಂಗಲ್ಲಂದ್ರ ನಡಿ, ನಿನ್ನ ಕೆಲಸ ನೋಡು."

ಹೋದಳು. ಬೇರೆ ಯಾರಾದರೂ ಗೌಂಡಿ ಹೀಗೆ ಕೂಗಿದ್ದರೆ ಆಕೆ ಅಗೆಸಿಯೇ ಬಿಡುತ್ತಿದ್ದಳು ಎಂದು ನನಗೆ ಗೊತ್ತು. ಎಂಟನೇ ಕಂಬಕ್ಕೆ ಜಾಗದವರೇ ಅಡ್ಡ ನಿಂತರೂ ಅಗೆಸಿದ್ದಳು. ನನ್ನೆದುರು ಸುಮ್ಮನಾದದ್ದು ಅಪ್ಪನ ಗೆಳೆಯ ಎಂದು.

ಎರಡು ದಿನದ ಮೇಲೆ ಕಾವಲಿನ ಶೆಡ್ಡಿನ ಹಲಗೆಗೆ ಒಂದು ಕಾಗದ ಅಂಟಿಸಿತ್ತು. ಐದು ಹಗೇವುಗಳ ಪಟ್ಟಿ. ಎಲ್ಲಿ, ಎಷ್ಟು ಆಳ, ಏನು ಮಾಡಿದೆ, ಖಾತ್ರಿ ಮಾಡಿದವರು ಯಾರು. ಐದನೆಯದರ ಮುಂದೆ: ತುಂಬಿದೆ. ಖಾತ್ರಿ ಮಾಡಿದವರು: ಮಡಿವಾಳೆಪ್ಪ ಮೇಸ್ತ್ರಿ. ಅಂದರೆ ನಾನು.

ಕಾಗದ ಹರಿದು ಕೈಯಲ್ಲಿ ಮುದುರಿ ಹಿಡಿದು, ಆಕೆ ಲ್ಯಾಪ್‌ಟಾಪ್ ಮುಂದೆ ಕೂತಲ್ಲಿಗೆ ಹೋದೆ. ಕೆಲಸದವರೆಲ್ಲ ಕೈ ಬಿಟ್ಟು ನಿಂತರು.

"ಯಾರನ್ನ ಕೇಳಿ ಬರದೀ ಇದನ್ನ?"

"ಎಲ್ಲಾರದೂ ಬರದೇನ್ರಿ ಕಾಕಾ. ನಾಕೂ ಮನಿಯವರ್ದು ಐತಿ."

"ಅವರ್ದು ಬರಿ, ಬಿಡು. ನನ್ನ ಹೆಸರ ತಗಿ. ಈಗ ತಗಿ. ನನ್ನ ಮುಂದ ತಗಿ."

"ಆ ಖಾನೆ ಖಾಲಿ ಬಿಟ್ರ ಮುಂದಕ್ಕ ಹೋಗೂದಿಲ್ರಿ ಇದು. ಯಾರದರ ಹೆಸರ ಇರಬೇಕ."

"ಹಂಗಾರ ನಿಂದ ಬರಕೋ!"

ಆಕೆ ಲ್ಯಾಪ್‌ಟಾಪಿನಿಂದ ತಲೆ ಎತ್ತಿ ನನ್ನನ್ನು ನೋಡಿದಳು. "ಬರಕೊಳ್ಳಲೇನ್ರಿ?"

"ಬರಕೋ ಅಂದ್ನೆಲ್ಲ! ಕಿವುಡಿ ಏನು?"

ನಾಲ್ಕೈದು ಸಲ ಟಕಟಕ ಎಂದಿತು. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ತುಂಬಿದೆ. ಖಾತ್ರಿ ಮಾಡಿದವರು: ಖುಷ್ಬೂ. ನಾನು ಗೆದ್ದವನ ಹಾಗೆ ಹೋಗಿ ನೀರು ಕುಡಿದೆ. ಅನ್ನವ್ವ ಮಾತ್ರ, "ಹೆಸರ ಬರದ್ರ ಏನ ಹೋಗ್ತಿತ್ತು ಮೇಸ್ತ್ರಿ, ಖರೇ ಇದ್ರ?" ಎಂದಳು. ಆಕೆಗೂ ನಾಲ್ಕು ಬೈದೆ.

ಕಟ್ಟಡ ಎದ್ದಿತು. ಹದಿನೆಂಟು ಕಂಬ, ಮೇಲೆ ತೊಲೆ, ಅದರ ಮೇಲೆ ಹಲಗೆ ಹೊಡೆದು ಇಮಾಮಹುಸೇನನ ಶಿಷ್ಯರು ಸರಳು ಹಾಸಿದರು. ಶುಕ್ರವಾರ ಮೊದಲ ಸ್ಲ್ಯಾಬು ಸುರಿಯುವುದಿತ್ತು. ಮಂಗಳವಾರ ಮಧ್ಯಾಹ್ನ ಮಳೆ ಹತ್ತಿತು. ನಮ್ಮ ಕಡೆಯ ಮಳೆ ಬಂದರೆ ಒಮ್ಮೆಲೇ ಬರುತ್ತದೆ. ಬುಧವಾರವೂ ಬಿಡಲಿಲ್ಲ. ಗುರುವಾರ ಬೆಳಿಗ್ಗೆ ನಾನೇ ಮೊದಲು ಹೋದೆ. ಅಡುಗೆಮನೆಯ ಮೂಲೆಯಲ್ಲಿ, ನಮ್ಮ ಹಗೇವು ಇದ್ದಲ್ಲೇ, ಸಣ್ಣ ಹೊಂಡ ಬಿದ್ದು, ನೀರು ಸುತ್ತುತ್ತಾ ಒಳಗೆ ಇಳಿಯುತ್ತಿತ್ತು. ಹನ್ನೊಂದನೇ ಕಂಬ ಎರಡು ಇಂಚು ಕೆಳಗೆ ಕೂತಿತ್ತು. ಅದು ಹೊತ್ತ ತೊಲೆಯ ಕೂಡುವಲ್ಲಿ ಕೈಬೆರಳು ಹೋಗುವಷ್ಟು ಬಿರುಕು. ನಾನು ಬೆರಳು ಹಾಕಿ ನೋಡಿದೆ. ಮತ್ತೆ ತೆಗೆದೆ. ಮತ್ತೆ ಹಾಕಿದೆ. ಒಂದು ದಿನ ತಡವಾಗಿದ್ದರೆ ಅದರ ಮೇಲೆ ಸ್ಲ್ಯಾಬು, ಸ್ಲ್ಯಾಬಿನ ಮೇಲೆ ಮೂವತ್ತು ಆಳು.

ಮರುದಿನ ಮೇಲಿನಿಂದ ಒಬ್ಬ ಸಾಹೇಬರು ಬಂದರು. ಸಿಮೆಂಟಿನ ಚೀಲಗಳ ಮೇಲೆ ಹಲಗೆ ಇಟ್ಟು ಮೇಜು ಮಾಡಿದ್ದೆವು. ಗೌರೀಶ, ನಾನು, ನಮ್ಮ ಆಳುಗಳು, ಊರಿನ ಹತ್ತಿಪ್ಪತ್ತು ಮಂದಿ ಸುತ್ತ ನಿಂತೆವು. ಖುಷ್ಬೂ ಮಾಡೆಲ್ ತೆರೆದಳು. ಸಾಹೇಬರು ನೆಲದ ಕೆಳಗಿನ ಕೆಂಪು ಗಡಿಗೆಗಳನ್ನು ನೋಡಿ, "ಇದು ಒಳ್ಳೇ ಕೆಲಸ. ಯಾರೂ ಮಾಡೋದಿಲ್ಲ ಇದನ್ನ" ಎಂದರು. ಆಮೇಲೆ ಐದನೆಯದರ ಮೇಲೆ ಬೆರಳಿಟ್ಟರು.

"ಇದು ತುಂಬಿದೆ ಅಂತ ಇದೆ. ಖಾತ್ರಿ ಮಾಡಿದವರು ನೀವು."

"ಹೌದ್ರಿ."

"ಹೇಗೆ ಖಾತ್ರಿ ಮಾಡಿದಿರಿ? ಅಗೆದು ನೋಡಿದಿರಾ?"

"ಇಲ್ರಿ. ಕೇಳಿ ಬರಕೊಂಡೆ. ಅಗದ ನೋಡಬೇಕಿತ್ತು."

"ಯಾರನ್ನ ಕೇಳಿದಿರಿ?"

ಆಕೆ ತಲೆ ಎತ್ತಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಅನ್ನವ್ವನ ಕಣ್ಣು ನನ್ನ ಮೇಲಿತ್ತು. ಆ ಹೊತ್ತು ಎಷ್ಟು ಎಂದು ಹೇಳಲಾರೆ, ಒಂದು ಬೀಡಿ ಹಚ್ಚುವಷ್ಟೂ ಇರಲಿಕ್ಕಿಲ್ಲ. ಯಾರ ಮುಂದೆಯೂ ಬಾಯಿ ಕಟ್ಟಿಕೊಂಡು ನಿಂತವನಲ್ಲ ನಾನು. ಅವತ್ತು ನಿಂತೆ.

"ಊರಾನವರನ್ನ" ಎಂದಳು.

"ಹೆಸರು?"

"ಹೆಸರ ನಂದ ಐತಲ್ರಿ ಸರ್. ತಪ್ಪು ನಂದ."

ಸಾಹೇಬರು ಬರೆದುಕೊಂಡರು. ಗೌರೀಶ ಆಕೆಯನ್ನು ಬಾಜೂಗೆ ಕರೆದು ಎರಡು ಮಾತು ಹೇಳಿದ. ಆಕೆ ಲ್ಯಾಪ್‌ಟಾಪು ಮುಚ್ಚಿ, ಚೀಲಕ್ಕೆ ಹಾಕಿ, ತಲೆಯ ಹೆಲ್ಮೆಟ್ ತೆಗೆದು ಆ ಹಲಗೆಯ ಮೇಲಿಟ್ಟು, ಗುಡಗೇರಿ ಕಡೆಯ ಟಂಟಂ ಗಾಡಿ ಹತ್ತಿದಳು.

ಮಧ್ಯಾಹ್ನ ಹಗೇವು ಅಗೆದರು. ಕಲ್ಲು ಸರಿಸಿದಾಗ ಬಂದ ವಾಸನೆಗೆ ಮುಂದೆ ನಿಂತವರು ಹಿಂದೆ ಸರಿದರು. ಯಾರೋ ಕಂದೀಲು ಇಳಿಸಿದರು. ಅರ್ಧಕ್ಕೇ ಆರಿತು. ಆರಿತು, ಆರಿತು ಎಂದು ಊರೇ ಕೂಗಿತು. ನಾನು ಕಾಂಕ್ರೀಟು ಕಲಸುವ ಮಿಷನ್ನಿನ ಹಿಂದೆ ಹೋಗಿ ನಿಂತೆ. ದೇವಕ್ಕ ಮೊಮ್ಮಗಳ ಕೈ ಹಿಡಿದು ಅಲ್ಲಿಗೇ ಬಂದಳು.

"ಇನ್ನೊಬ್ಬರ ಹಗೇವು ನಾ ಹೇಳಂಗಿಲ್ಲ, ಇವತ್ತೂ ಹೇಳೂದಿಲ್ಲ" ಎಂದಳು. "ಆದ್ರ ಆ ಸಾಬರ ಹುಡುಗಿ ನಿನಗ ಯಾರ ಪೈಕಿ ಅಂತ ಈ ತಪ್ಪ ತನ್ನ ಕೊರಳಿಗೆ ಹಾಕ್ಕೊಂಡ್ತೋ? ನೀ ಯಾವಾಗ ಇಷ್ಟ ಗಪ್ಪಾದೀ ಮಡಿವಾಳಾ?"

ಕಂಬ ಒಡೆದು ಮತ್ತೆ ಕಟ್ಟಿದೆವು. ಸಾಲಿ ನಡೆಯುತ್ತಿದೆ, ಮಕ್ಕಳು ಮೆಟ್ಟಿಲು ಏರುತ್ತವೆ, ಯಾರ ತಲೆಯೂ ತಾಗುವುದಿಲ್ಲ. ನಾನು ಮಾತ್ರ ಒಂದು ಕೆಲಸದಲ್ಲಿ ನಿಲ್ಲದಾದೆ. ಗೌರೀಶನನ್ನು ಬಿಟ್ಟೆ. ಯಮನೂರಿನಲ್ಲಿ ಒಂದು ಮನೆ ಹಿಡಿದು ಅರ್ಧಕ್ಕೆ ಬಿಟ್ಟು ಬಂದೆ. ತಿರ್ಲಾಪುರದಲ್ಲಿ ಒಬ್ಬನ ಮೇಲೆ ಕೈ ಮಾಡಿದೆ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯದು.

ಖುಷ್ಬೂ ಎಂಟು ತಿಂಗಳು ಮನೆಯಲ್ಲಿ ಕೂತಳು. ಆಮೇಲೆ ಅಣ್ಣಿಗೇರಿಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯೊಂದರಲ್ಲಿ ಬೇರೆಯವರ ಮಾಡೆಲ್‌ಗಳನ್ನು ತಿದ್ದುವ ಕೆಲಸ ಸಿಕ್ಕಿತು. ಯಾವುದೋ ಊರಿನ ಸೇತುವೆ, ಯಾವುದೋ ಊರಿನ ಆಸ್ಪತ್ರೆ, ಆಕೆ ಎಂದೂ ನೋಡದ ಮಣ್ಣು. ಹೋದ ವರ್ಷ ಹುಬ್ಬಳ್ಳಿಯ ಒಂದು ದೊಡ್ಡ ಆಫೀಸು ಆಕೆಯನ್ನು ಕರೆಯಿತು. ಎಲ್ಲಾ ಪಾಸಾಯಿತು. ಕೊನೆಗೆ, ಗೌರೀಶನ ಕೆಲಸದಲ್ಲಿ ಕಂಬ ಕೂತದ್ದು ನಿಮ್ಮ ಮೇಲಿದೆಯಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಕೇಳಿದರಂತೆ.

ಒಂದು ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ದಾನೇಶ್ವರಿ ಉಪ್ಪಿಟ್ಟು ಮಾಡಲು ಎದ್ದರೆ, "ಬ್ಯಾಡ್ರಿ ಕಾಕೀ, ಬಸ್ಸಿಗೆ ಹೋಗಬೇಕ" ಎಂದಳು. ಮೂರು ವರ್ಷದಲ್ಲಿ ತೆಳ್ಳಗಾಗಿದ್ದಳು. ಕನ್ನಡಕ ಬಂದಿತ್ತು.

"ಕಾಕಾ, ಒಂದ್ ಪುಟ ಸಾಕ್ರಿ. ಹಗೇವು ತುಂಬೇತಿ ಅಂತ ನೀವು ಹೇಳಿದ್ರಿ, ಅಗಿಯೂದು ಬ್ಯಾಡಂದ್ರಿ, ಅಷ್ಟ. ಸೋಮವಾರದ ತನಕ ಟೈಮ್ ಕೊಟ್ಟಾರ."

"ಅವತ್ತ ಯಾಕ ಹೇಳಲಿಲ್ಲ ನೀ?" ಎಂದೆ. ಅದೇ ಮೊದಲು ಬಾಯಿಗೆ ಬಂತು. ಕೇಳಬೇಕಾದದ್ದು ಅದಲ್ಲ.

"ನೀವು ಹೇಳ್ತೀರಂತ ಕಾದ್ನಿ."

ದಾನೇಶ್ವರಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಹೂಂ ಎಂದೆ. ಸೋಮವಾರ ಮುಂಜಾನೆ ನಾನೇ ತಂದು ಕೊಡುತ್ತೇನೆ ಎಂದೆ. ಖುಷ್ಬೂ ಕೈ ಮುಗಿದು ಹೋದಳು.

ಬರೆಯಲು ಕೂತೆ. ಮಗಳು ಶಾಂಭವಿಯ ನೋಟುಬುಕ್ಕಿನ ಹಾಳೆ ಹರಿದುಕೊಂಡೆ. ಮಳೆ ಎಷ್ಟು ಬಂತು ಎಂದು ಬರೆದೆ. ಮಣ್ಣು ಪರೀಕ್ಷೆಯವರು ಮೂರೇ ತೂತು ಹೊಡೆದರು ಎಂದು ಬರೆದೆ. ಹಗೇವಿನ ಕಲ್ಲು ಹಳೆಯದಾಗಿತ್ತು ಎಂದು ಬರೆದೆ. ಖುಷ್ಬೂ ಒಳ್ಳೆಯ ಹುಡುಗಿ, ಸಣ್ಣವಳಿದ್ದಾಗಿನಿಂದ ಬಲ್ಲೆ ಎಂದು ಬರೆದೆ. ದಾನೇಶ್ವರಿ ಓದಿ ಹಾಳೆಯನ್ನು ನೆಲದ ಮೇಲಿಟ್ಟಳು.

"ಇದರಾಗ ನೀ ಎಲ್ಲಿ ಅದಿ?"

ಹರಿದೆ. ಮತ್ತೆ ಬರೆದೆ. ತುಂಬಿದೆ ಎಂದು ನಾನೇ ಹೇಳಿದೆ ಎಂಬಲ್ಲಿಗೆ ಬಂದರೆ, ಯಾಕೆ ಹೇಳಿದಿ ಎಂದು ಕೇಳುತ್ತಾರೆ. ಯಾಕೆ ಎಂದು ಬರೆದರೆ ಅಪ್ಪ ಬರುತ್ತಾನೆ, ಸಣ್ಣ ಕಾಕಾ ಬರುತ್ತಾನೆ, ಕೊಕ್ಕೆ ಬರುತ್ತದೆ. ಶಾಂಭವಿ ಬಾಜೂ ಕೂತು ಅಭ್ಯಾಸ ಮಾಡುತ್ತಿದ್ದಳು. ಅದನ್ನೂ ಹರಿದೆ. ರವಿವಾರ ಮೂರು ಹಾಳೆ. ಸೋಮವಾರ ಎದ್ದು ಕಲಘಟಗಿ ಕಡೆ ಒಂದು ಕೆಲಸವಿದೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಫೋನು ಬಂದ್ ಮಾಡಿದೆ. ಸ್ಟ್ಯಾಂಡಿನಲ್ಲಿ ಸಂಜೆಯವರೆಗೆ ಕೂತು ವಾಪಸ್ಸು ಬಂದೆ. ದಾನೇಶ್ವರಿ ತಾಟು ಇಟ್ಟು ಒಳಗೆ ಹೋದಳು. ಹುಬ್ಬಳ್ಳಿಯ ಆ ನೌಕರಿ ಬೇರೆ ಯಾರಿಗೋ ಹೋಯಿತು.

ಈಗ ಇಷ್ಟುದ್ದ ಬರೆದಿದ್ದೇನೆ. ಬರೆಯಲು ಬಾರದೇ ಹೋಯಿತು ಎಂದು ಹೇಳುವ ಹಾಗೂ ಇಲ್ಲ. ಆದರೆ ಇದರಿಂದ ಆಕೆಗೆ ಏನು ಬಂತು? ಬೇಕಾಗಿದ್ದು ಒಂದು ಪುಟ, ಆ ಸೋಮವಾರಕ್ಕೆ.

ಮೊನ್ನೆ ಗುಡಗೇರಿ ಸಂತೆಯಲ್ಲಿ ಇಮಾಮಹುಸೇನ ಸಿಕ್ಕ. ಕೋಲು ಹಿಡಿದು ಬಂದಿದ್ದ. ನನ್ನನ್ನು ಕಂಡವನೇ, "ಏನೋ ಹಲ್ಕಟ್, ಸತ್ತೀ ಅಂದ್ಕೊಂಡಿದ್ದೆ" ಎಂದು ಎದೆಗೆ ಗುದ್ದಿದ. ಚಹಾ ಕುಡಿದೆವು. ಮಗಳು ಇನ್ನೂ ಅಣ್ಣಿಗೇರಿಯಲ್ಲೇ ಇದ್ದಾಳೆ ಎಂದ. ಕಪ್ಪು ಕೆಳಗಿಟ್ಟ.

"ಮಡಿವಾಳಾ, ನಿಮ್ಮೂರಾನವ ಯಾವನೋ ಸುಳ್ಳ ಹೇಳ್ಯಾನಂತ ಆಕಿಗೆ. ಯಾರಂತ ಕೇಳಿದ್ರ ಬಾಯಿನ ಬಿಡೂದಿಲ್ಲ ನಮ್ಮಾಕಿ. ನೀ ಅಲ್ಲೇ ಇದ್ದೆಲ್ಲ. ನಿನಗ ಗೊತ್ತೈತೇನ?"

"ನನಗೇನ ಗೊತ್ತ" ಎಂದೆ.

"ಗೊತ್ತಾದ್ರ ಹೇಳು. ಹೊಡ್ಯಾಕ ಅಲ್ಲ, ಕೈಲಾಗೂದೂ ಇಲ್ಲ. ಬರೇ ಒಂದ್ ಮಾತ ಕೇಳಬೇಕಾಗೇತಿ ಅವಂಗ."

ಚಹಾದ ದುಡ್ಡನ್ನು ಅವನೇ ಕೊಟ್ಟ. ನಾನು ಮುಂದೆ ಹೋಗಿ, ಉಳ್ಳಾಗಡ್ಡಿ ಮಾರುವವನ ಜೊತೆ ತೂಕ ಸರಿಯಿಲ್ಲವೆಂದು ಜಗಳ ತೆಗೆದೆ. ತೂಕ ಸರಿಯಾಗಿಯೇ ಇತ್ತು.